ಅಣ್ಣ ಉಂಡ ಊರು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಇಪ್ಪತ್ತಮೂರು ಮೈಲಿ. ಯುದ್ಧದ ಕಾಲದಲ್ಲಿ ಅಷ್ಟು ದೂರಕ್ಕೆ ಬಸ್ಸಿನವರು ಹತ್ತಾಣೆ ವಸೂಲು ಮಾಡಿ, ದಿಣ್ಣೆ ಬಂದ ಕಡೆಯೆಲ್ಲ ನಮ್ಮಿಂದಲೇ ಬಸ್ಸು ತಳ್ಳಿಸುತ್ತಿದ್ದರು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿಗೆ ತಿರುಗಿದ್ದವು. ಬಸ್ಸಿನ ಬೆನ್ನಿಗೆ ಆಳುದ್ದದ ತಗಡಿನ ಒಲೆ. ಅದರಲ್ಲಿ ಇದ್ದಿಲು ಕೆಂಡವಾಗಿ ಗ್ಯಾಸು ಏಳುವ ತನಕ ಕ್ಲೀನರು ಹಿಡಿ ತಿರುವುತ್ತ ನಿಲ್ಲಬೇಕು. ಬಿಳಿ ಪಂಚೆಯುಟ್ಟು ಹತ್ತಿದವರು ಇಳಿಯುವಾಗ ಬೂದಿಯಲ್ಲಿ ಹೊರಳಿದವರ ಹಾಗೆ ಇರುತ್ತಿದ್ದರು. ಹೆಣ್ಣು ನೋಡಲು ಹೊರಟವನಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ?

ಹೊರಟವರು ಮೂವರು: ದೊಡ್ಡಪ್ಪ, ಅಣ್ಣ, ನಾನು. ಸಂಕ್ರಾಂತಿ ಕಳೆದು ನಾಲ್ಕಾರು ದಿನವಾಗಿತ್ತು. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ನಮ್ಮ ಅಪ್ಪ ತೀರಿಕೊಂಡ ಮೇಲೆ ಹಾಸನದ ಬೆಲ್ಲ-ಕೊಬ್ಬರಿ ಮಂಡಿಯನ್ನೂ ನಮ್ಮನ್ನೂ ಒಟ್ಟಿಗೆ ನಡೆಸುತ್ತಿದ್ದವರು ದೊಡ್ಡಪ್ಪ. ಎರಡನ್ನೂ ಒಂದೇ ದನಿಯಲ್ಲಿ ನಡೆಸುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಒಂದು ಹೆಣ್ಣು, ಅರಕಲಗೂಡಿನ ಆಚೆ ಮಲ್ಲಿಪಟ್ಟಣದಲ್ಲಿ ಇನ್ನೊಂದು. ಮೊದಲಿನದು ದೊಡ್ಡಪ್ಪ ಹುಡುಕಿದ್ದು, ಎರಡನೆಯದು ಅವ್ವನ ಕಡೆಯವರು ಹೇಳಿದ್ದು. ಹಾಗಾಗಿ ಎರಡನೆಯದನ್ನು ನೋಡುವುದು ಬರಿಯ ಮರ್ಯಾದೆಗೆ ಎಂದು ದೊಡ್ಡಪ್ಪ ಹೊರಡುವ ಮೊದಲೇ ತೀರ್ಮಾನಿಸಿದ್ದರು.

ಹೆಣ್ಣು ನೋಡುವುದಕ್ಕೆ ಅಣ್ಣ ಯಾಕೆ? ಅದನ್ನು ಹೇಳಬೇಕು.

ಅಣ್ಣನ ಹೆಸರು ಗುರುಸಿದ್ಧ. ನನಗಿಂತ ನಾಲ್ಕು ವರ್ಷ ದೊಡ್ಡವನು. ಮೂಗನಲ್ಲ, ಕಿವುಡನಲ್ಲ, ಆದರೆ ಕರೆದರೆ ತಿರುಗುತ್ತಿರಲಿಲ್ಲ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ವಾಲಗದ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಹೊಸಬರು ಎದುರಾದರೆ ಅವರ ಹೊದ್ದ ಬಟ್ಟೆಯ ಅಂಚು ಹಿಡಿದು ಮೂಸಿ ನೋಡುತ್ತಿದ್ದ. ಆಡುತ್ತಿದ್ದ ಮಾತೆಲ್ಲ ಅವ್ವನದೇ. ಬೆಳಿಗ್ಗೆ ಅವ್ವ "ನೀರು ಕಾದೈತೆ" ಅಂದದ್ದನ್ನು ಸಂಜೆ ಮಂಡಿಯಲ್ಲಿ ಗೋಣಿಚೀಲದ ಮೇಲೆ ಕುಳಿತು, ಅವ್ವನ ರಾಗದಲ್ಲೇ, ಯಾರಿಗೂ ಅಲ್ಲದ ಹಾಗೆ ಹೇಳುತ್ತಿದ್ದ. ಬೇರೆ ಯಾರ ಮಾತೂ ಅವನ ಬಾಯಿಗೆ ಹತ್ತುತ್ತಿರಲಿಲ್ಲ.

ಊಟವಂತೂ ಅವನದೊಂದು ಶಾಸ್ತ್ರ. ಅವನ ಕಂಚಿನ ತಟ್ಟೆಯೇ ಆಗಬೇಕು. ಮುದ್ದೆ ಒಂದು ಕಡೆ, ಅನ್ನ ಒಂದು ಕಡೆ, ಸಾರು ಬಟ್ಟಲಲ್ಲಿ. ಒಂದಕ್ಕೊಂದು ತಾಗಿದರೆ ಎದ್ದುಬಿಡುತ್ತಿದ್ದ. ಬಡಿಸುವವಳು ಅವ್ವನೇ ಆಗಬೇಕು, ಬಡಿಸುವಾಗ ಮಾತಾಡಬಾರದು. ನೆಂಟರ ಮನೆ, ಮದುವೆ ಮನೆ, ಎಲ್ಲಿಗೆ ಹೋದರೂ ಅನ್ನ ಮುಟ್ಟಿದವನಲ್ಲ.

ಈಗ ನನ್ನ ಮೊಮ್ಮಗಳು, ಇಂಥ ಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುವವಳು, "ತಾತ, ನೀನು ಹೇಳೋದು ನೋಡಿದ್ರೆ ದೊಡ್ಡತಾತಂಗೆ ಆಟಿಸಂ ಇತ್ತು" ಎನ್ನುತ್ತಾಳೆ. ಇದ್ದಿರಬಹುದು. ಆಗ ಅದಕ್ಕೆ ಹೆಸರಿರಲಿಲ್ಲ, ಬೈಗುಳ ಮಾತ್ರ ಇತ್ತು. ಬೆಪ್ಪ ಅಂದರು, ಅರೆಮರುಳ ಅಂದರು, ಗಾಳಿ ಮೆಟ್ಟಿದೆ ಅಂತ ಬೇವಿನಸೊಪ್ಪಿನಲ್ಲಿ ಹೊಡೆಸಿದರು. ಬೀದಿಯಲ್ಲಿ ಚಿನ್ನಿದಾಂಡು ಆಡುವಾಗ ನಾನು ಹಟ ಮಾಡಿ ಅವನನ್ನೂ ಸೇರಿಸುತ್ತಿದ್ದೆ. ಹುಡುಗರು ಒಪ್ಪುತ್ತಿದ್ದರು, ಒಂದು ಕಟ್ಟುಪಾಡಿನ ಮೇಲೆ: ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಣ್ಣನ ಇಡೀ ಬಾಳನ್ನು ಊರು ಆ ಒಂದು ಮಾತಿನಲ್ಲೇ ನಡೆಸಿತ್ತು.

ನನಗೆ ಮದುವೆಯ ಮಾತು ಎದ್ದಾಗಲೇ ಅಣ್ಣನ ಮಾತೂ ಎದ್ದಿತು. ಇದಕ್ಕೆ ಮೊದಲು ಎರಡು ಕಡೆಯ ಹೆಣ್ಣಿನವರು ಅವನ ಸುದ್ದಿ ಕೇಳಿಯೇ ಹಿಂದೆ ಸರಿದಿದ್ದರು. ದೊಡ್ಡಪ್ಪ ಕೆಟ್ಟವರಲ್ಲ. ಆದರೆ ಮಂಡಿಯವರು, ಒಂದು ಕೊಳೆತ ಕಾಯಿ ಮೂಟೆಯನ್ನೆಲ್ಲ ಕೆಡಿಸುತ್ತದೆ ಎಂದು ನಂಬಿದವರು. ಹೊಳೆನರಸೀಪುರದ ಹತ್ತಿರ ತಮಗೆ ಗೊತ್ತಿದ್ದ ಒಂದು ಮಠದಲ್ಲಿ, ಹೆಣ್ಣು ನೋಡಲು ಹೋಗುವ ಇದೇ ದಾರಿಯಲ್ಲಿ, ಅಣ್ಣನನ್ನು ಬಿಡುವುದೆಂದು ಗೊತ್ತು ಮಾಡಿದರು. ಮೂರನೆಯ ದಿನ ಅವ್ವ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದಳು: "ಅಲ್ಲಿ ಅವ್ನು ಉಂಡ್ರೆ ಬುಟ್ಬನ್ನಿ ಬಾವ. ಉಣ್ಣದಿದ್ರೆ ನನ್ ಮಗನ್ನ ನಂಗೆ ತಂದ್ಕೊಡಿ. ನಾ ಇರೋಗಂಟ ಇಕ್ತೀನಿ. ಆಮ್ಯಾಕಿಂದು ಸಿವ ನೋಡ್ಕಂತಾನೆ."

ಹೊರಡುವ ದಿನ ಅವ್ವ ಅಕ್ಕಿರೊಟ್ಟಿ, ಚಟ್ನಿಪುಡಿ, ಪುರಿ, ಬೆಲ್ಲ ಕಟ್ಟಿಕೊಟ್ಟಳು. ತಟ್ಟೆಯನ್ನು ಅಣ್ಣ ತಾನೇ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿದ. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನಗೆ ಮದುವೆಯೇ ಬೇಡ, ಅಣ್ಣ ಮನೆಯಲ್ಲೇ ಇರಲಿ ಎಂದು ಹೇಳಿಬಿಡಬೇಕೆನಿಸಿತ್ತು. ಆದರೆ ಆ ಕಾಲದಲ್ಲಿ ತನ್ನ ಮದುವೆಯ ವಿಷಯ ತಾನೇ ಮಾತಾಡುವ ಗಂಡು ನಾಚಿಕೆಗೆಟ್ಟವನೆಂದೇ ಲೆಕ್ಕ.

ಶಾಂತಿಗ್ರಾಮ ದಾಟಿದ ಮೇಲೆ ಬಸ್ಸು ಮೊದಲ ಸಲ ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ಅಣ್ಣ ತಳ್ಳಲಿಲ್ಲ; ಹಿಂದಿನ ಒಲೆಯ ಹತ್ತಿರ ನಿಂತು, ಸಣ್ಣ ಕಿಂಡಿಯಲ್ಲಿ ಕೆಂಡ ನೋಡುತ್ತ ಹಿಗ್ಗುತ್ತಿದ್ದ. ಮತ್ತೆ ಹತ್ತಿ ಕುಳಿತಾಗ ದೊಡ್ಡಪ್ಪ ನನಗೆ ಪಾಠ ಶುರುಮಾಡಿದರು.

"ನೋಡ್ಲಾ ಮಲ್ಲೇಶ, ಹೆಣ್ಣು ನೋಡಾಕೋದ ಮನೇಲಿ ಹಾಲು ಕುಡಿ, ಹಣ್ಣು ತಿನ್ನು. ಅನ್ನ ಮಾತ್ರ ಮುಟ್ಬ್ಯಾಡ. ಅನ್ನ ಉಂಡ್ರೆ ಒಪ್ದಂಗೆ. ನಮ್ಮ ಮನೇವ್ರು ಒಬ್ರು ಒಂದು ತುತ್ತು ಉಂಡ್ರೂ ಮಾತು ಕೊಟ್ಟಂಗೆ ಕಣ್ಲಾ. ಆಮೇಲೆ ಹಿಂದಕ್ಕೆ ಬರಂಗಿಲ್ಲ."

ಇದು ನಮ್ಮ ಸೀಮೆಯ ಕಟ್ಟು. ಹೆಣ್ಣಿನ ಕಡೆಯವರೂ ಸುಮ್ಮನಿರುತ್ತಿರಲಿಲ್ಲ. ಒಳಗೆ ಹೋಳಿಗೆ ಬೇಯಿಸಿ ವಾಸನೆ ಹೊರಗೆ ಬಿಡುತ್ತಿದ್ದರು. ಹಸಿದ ಗಂಡು ಎಷ್ಟು ಹೊತ್ತು ತಡೆದಾನು ಎಂದು.

ಚನ್ನರಾಯಪಟ್ಟಣ ಮುಟ್ಟಿದಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ತೆಂಗು. ದೂರದಲ್ಲಿ ಬೆಟ್ಟದ ಮೇಲೆ ಗೊಮ್ಮಟನ ತಲೆ ಬೆರಳುದ್ದ ಕಾಣುತ್ತಿತ್ತು. ಹೆಣ್ಣಿನ ತಂದೆ ಕೊಬ್ಬರಿ ಸಾಹುಕಾರರು. ಬಾಗಿಲಿಗೆ ಬಂದು ಎದುರುಗೊಂಡವರು ನೆಟ್ಟಗೆ ಅಣ್ಣನ ಕೈ ಹಿಡಿದು, "ಬನ್ನಿ ಬನ್ನಿ, ಗಂಡು ಲಕ್ಸಣವಾಗೈತೆ" ಅಂದರು! ಅವರ ತಪ್ಪೇನೂ ಇಲ್ಲ. ಹಾಸನದ ಹತ್ತಿರ ಮೊಸಳೆ ಎನ್ನುವ ಊರಿನ ಜೋಡಿ ಗುಡಿಗಳ ಹಾಗೆ ನಮ್ಮಿಬ್ಬರದೂ ಒಂದೇ ಎರಕ; ನೋಡುವುದಕ್ಕೆ ಅಣ್ಣನೇ ಒಂದು ಕೈ ಮೇಲು. ಅಣ್ಣ ಅವರ ಶಾಲಿನ ಅಂಚು ಹಿಡಿದು ಮೂಗಿಗೆ ತಂದುಕೊಂಡ. ಸಾಹುಕಾರರ ಮುಖದ ನಗು ಅಲ್ಲೇ ನಿಂತುಹೋಯಿತು. ದೊಡ್ಡಪ್ಪ ಗಡಿಬಿಡಿಯಲ್ಲಿ ನನ್ನನ್ನು ಮುಂದೆ ತಳ್ಳಿ, "ಗಂಡು ಇವ್ನು, ಇವ್ನು" ಅಂದರು.

ಆಮೇಲೆ ಎಲ್ಲ ಕ್ರಮವಾಗಿ ನಡೆಯಿತು. ಅಣ್ಣನನ್ನು ಹೊರಜಗಲಿಯ ಮೂಲೆಯಲ್ಲಿ ಕೂರಿಸಿದರು. ಹುಡುಗಿ ತಲೆ ತಗ್ಗಿಸಿ ಬಂದು ಕಾಫಿ ಇಟ್ಟು ಹೋದಳು. ನಾನು ಕಂಡದ್ದು ಜಡೆಬಿಲ್ಲೆಯೊಂದನ್ನೇ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಲೇ ಇತ್ತು. ಸಾಹುಕಾರರು ದೊಡ್ಡಪ್ಪನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು:

"ನಮಗೆ ಒಪ್ಪಿಗೆ ಸ್ವಾಮಿ. ನಿಮ್ಮ ದೊಡ್ಡ ಹುಡುಗನ್ನ ಎಲ್ಲಾದ್ರೂ ಒಂದು ಕಡೆ ನೆಮ್ಮದಿಯಾಗಿ ಇರಿಸಿಬುಡಿ. ನಮ್ ಹುಡುಗಿ ಚಿಕ್ಕೋಳು, ಅಂಜ್ಕತಾಳೆ."

"ಅದ್ಕೆಲ್ಲ ಯವಸ್ತೆ ಆಗೈತೆ. ನಾಳೀಕೇ" ಅಂದರು ದೊಡ್ಡಪ್ಪ.

ಅಂದು ಛತ್ರದಲ್ಲಿ ಮಲಗಿದೆವು. ಅಣ್ಣ ರೊಟ್ಟಿ ತಿಂದು, ತಟ್ಟೆ ತೊಳೆದು ತಲೆಯ ಕೆಳಗಿಟ್ಟುಕೊಂಡ. "ಉಸಾರು ಕಣ್ಮಗ" ಎಂದು ಅವ್ವನ ದನಿಯಲ್ಲಿ ತನಗೆ ತಾನೇ ಹೇಳಿಕೊಂಡು ನಿದ್ದೆ ಹೋದ.

ಮರುದಿನ ಬೆಳಿಗ್ಗೆ ಹೊಳೆನರಸೀಪುರಕ್ಕೆ ಇನ್ನೊಂದು ಇದ್ದಿಲು ಬಸ್ಸು. ಇಪ್ಪತ್ತು ಮೈಲಿಯ ಆಸುಪಾಸು. ಹುರುಳಿ ಒಕ್ಕಣೆಯ ಕಾಲ, ರಸ್ತೆಯ ಮೇಲೇ ಹುಲ್ಲು ಹರಡಿದ್ದರು; ಬಸ್ಸು ಅದರ ಮೇಲೆ ಹಾದರೆ ರೈತರಿಗೆ ಬಿಟ್ಟಿ ತುಳಿತ. ಡ್ರೈವರು ಬೈಯುತ್ತ ಹೋಗುವುದು, ರೈತರು ನಗುತ್ತ ಕೈ ಮುಗಿಯುವುದು. ಹೇಮಾವತಿ ಕಂಡಾಗ ಅಣ್ಣ ಎದ್ದು ನಿಂತ. ನೀರು ತಗ್ಗಿ ಬಂಡೆಗಳೆಲ್ಲ ಬಿಸಿಲಿಗೆ ಬೆನ್ನು ಕೊಟ್ಟಿದ್ದವು. ಊರಲ್ಲಿ ದೊಡ್ಡಪ್ಪ ನನಗೆ ಹೋಟೆಲಿನಲ್ಲಿ ಎರಡು ಇಡ್ಲಿ ಕೊಡಿಸಿದರು. ಅದು ಅವರ ಮಟ್ಟಿಗೆ ದುಂದು. ಅಣ್ಣನನ್ನು ಬಿಡುವುದು ಅವರಿಗೂ ಕಷ್ಟವಾಗಿತ್ತೆಂದು ನಾನು ಆ ಇಡ್ಲಿಯಿಂದ ತಿಳಿದೆ.

ಮಠ ಹೊಳೆಯ ಆಚೆ ದಡದಲ್ಲಿತ್ತು. ಹಿರಿಯ ಅಯ್ಯನವರು ಒಳ್ಳೆಯವರು, ಅಣ್ಣನ ತಲೆ ಸವರಿ ವಿಭೂತಿ ಹಚ್ಚಿದರು. ಅಂಗಳದಲ್ಲಿ ಅರವತ್ತರ ಆಸುಪಾಸಿನ ಒಬ್ಬ ಮನುಷ್ಯ ಕಸ ಗುಡಿಸುತ್ತಿದ್ದ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದ. ನನ್ನ ಹತ್ತಿರ ಬಂದು, ನನ್ನ ಕಾಲು ನೋಡುತ್ತ ಕೇಳಿದ: "ನಮ್ಮೋರು ಬಂದ್ರಾ?"

ಅಯ್ಯನವರು, "ಅವ್ನು ಯಾರು ಬಂದ್ರೂ ಹಂಗೇ ಕೇಳ್ತಾನೆ. ಹುಡುಗ್ನಾಗಿದ್ದಾಗ ತಂದು ಬುಟ್ಟಿದ್ರು. ಆಮೇಲೆ ಯಾರೂ ಬರ್ಲಿಲ್ಲ" ಅಂದರು. ಇವತ್ತಿಗೂ ಹೊಳೆನರಸೀಪುರ ಎಂದರೆ ನನಗೆ ನೆನಪಾಗುವುದು ದೇವಸ್ಥಾನವಲ್ಲ, ಹೊಳೆಯಲ್ಲ, ಆ ಪೊರಕೆಯ ಸದ್ದು.

ಮಧ್ಯಾಹ್ನ ಪಂಕ್ತಿ ಕೂತಿತು. ಅಣ್ಣ ತನ್ನ ತಟ್ಟೆ ಹಾಕಿಕೊಂಡು ಗೋಡೆಯ ಪಕ್ಕ ಕುಳಿತ. ನೂರು ಜನರ ಗಲಾಟೆ. ಬಡಿಸುವವನು ಓಡಾಡುತ್ತಲೇ ಮುದ್ದೆ ಎಸೆದು, ಅದರ ತಲೆಯ ಮೇಲೇ ಸಾರು ಸುರಿದ. ಅಣ್ಣ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದ. ಎರಡೂ ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದ. ನಾನು ತಟ್ಟೆ ತೆಗೆದುಕೊಂಡು ಹಿಂದೆಯೇ ಓಡಿದೆ. ಹೊಳೆಯ ಮೆಟ್ಟಿಲ ಮೇಲೆ ಕುಳಿತು ಅವನು ಹಿಂದೆ ಮುಂದೆ ತೂಗುತ್ತಿದ್ದ. ನಾನು ತಟ್ಟೆ ತೊಳೆದುಕೊಟ್ಟೆ. ಚೀಲದ ತಳದ ಪುರಿ ತೆಗೆದು ತಿಂದ.

"ಎಲ್ಡು ದಿನ ಹಸುದ್ರೆ ತಾನೇ ಉಣ್ತಾನೆ, ಬುಟ್ಟೋಗಿ" ಅಂದರು ಅಯ್ಯನವರು. ದೊಡ್ಡಪ್ಪ ನನ್ನ ಮುಖ ನೋಡಿದರು, ಆಮೇಲೆ ಹೊಳೆ ನೋಡಿದರು. ಅವ್ವ ಹೇಳಿ ಕಳಿಸಿದ್ದ ಮಾತು ಅವರಿಗೂ ನೆನಪಿತ್ತು. ಆದರೂ ಪಟ್ಟು ಬಿಡಲಿಲ್ಲ. "ಇವತ್ತು ಬ್ಯಾಡ. ಮದುವೆ ಆದ ಮಾರ್ನೇ ದಿನ ತಂದು ಬುಡ್ತೀವಿ. ಅಷ್ಟೊತ್ಗೆ ಒಸಿ ಅಭ್ಯಾಸ ಮಾಡುಸ್ತೀವಿ" ಅಂದರು. ಅಂದರೆ ನನ್ನ ಮದುವೆಗೂ ಅಣ್ಣನ ಮನೆಗೂ ಗಂಟು ಬಿತ್ತು: ಒಂದು ಆಗುವ ದಿನ ಇನ್ನೊಂದು ಹೋಗುವುದು.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹದಿನೇಳು ಹದಿನೆಂಟು ಮೈಲಿ. ಮೂರನೆಯ ದಿನದ ಮೊದಲ ಬಸ್ಸಿನಲ್ಲಿ ಹೋದೆವು. ಅರಕಲಗೂಡಿನ ಬಸ್ಸು ನಿಲ್ಲುವ ಕಡೆ ಹೊಗೆಸೊಪ್ಪಿನ ಘಾಟು ಮೂಗಿಗೆ ಅಡರಿತು. ಹಸಿ ಶುಂಠಿಯ ಮೂಟೆಗಳ ಪಕ್ಕ ಮಲ್ಲಿಪಟ್ಟಣದವರ ಕಮಾನುಗಾಡಿ ಕಾದಿತ್ತು. ಅಲ್ಲಿಂದ ಆರೇಳು ಮೈಲಿ ಗಾಡಿಯ ಪಯಣ. ರಸ್ತೆಯ ಎರಡೂ ಕಡೆ ರಾಗಿ ಕುಯ್ದ ಹೊಲ, ಸಾಲಿನಲ್ಲಿ ಅವರೆ. ಸೊನೆ ತುಂಬಿದ ಅವರೆಯ ವಾಸನೆ ಹಸಿದವರಿಗೆ ತಡೆಯುವಂಥದಲ್ಲ. ಪುರಿ ಮುಗಿದಿತ್ತು. ಅಣ್ಣ ಖಾಲಿ ಚೀಲವನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದ.

ಹೆಣ್ಣಿನ ತಂದೆ ಪರ್ವತಪ್ಪನವರು, ಆರು ಎಕರೆ ಹೊಲವೂ ಸಣ್ಣದೊಂದು ದಿನಸಿ ಅಂಗಡಿಯೂ ಇದ್ದವರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರ ತಾಯಿ ಮತ್ತು ಮಗಳು ದಾಕ್ಷಾಯಣಿ. ದೊಡ್ಡಪ್ಪ ಜಗಲಿಯ ಮೇಲೆ ಕುಳಿತು, ಬಂದ ಕೆಲಸ ಬೇಗ ಮುಗಿಸುವ ದನಿಯಲ್ಲಿ ಬೆಲ್ಲದ ಧಾರಣೆ ಮಾತಾಡಿದರು. ಹಾಲು ಬಂತು, ರಸಬಾಳೆ ಬಂತು. ಹೆಣ್ಣನ್ನು ಕರೆಯುವ ಹೊತ್ತಿಗೆ ನೋಡಿದರೆ ಅಣ್ಣ ಇಲ್ಲ! ಚೀಲವೂ ಇಲ್ಲ.

ನಾನು ಮನೆಯ ಪಕ್ಕದ ಓಣಿಯಲ್ಲಿ ಸುತ್ತಿ ಹಿತ್ತಲಿಗೆ ಹೋದೆ. ಅಲ್ಲಿ ಕಂಡದ್ದನ್ನು ನಾನು ಈ ಅರವತ್ತು ವರ್ಷದಲ್ಲಿ ಎಷ್ಟು ಸಲ ನೆನೆದಿದ್ದೇನೋ.

ಅಡಿಗೆಮನೆಯ ಹಿಂಬಾಗಿಲ ನೆರಳಿನಲ್ಲಿ ಒಂದು ಮುದುಕಿ, ಒಬ್ಬ ಹುಡುಗಿ, ಅವರ ನಡುವೆ ನೆನೆಸಿದ ಅವರೆಕಾಳಿನ ದೊಡ್ಡ ಬೋಸಿ. ಕಾಳನ್ನು ಹೆಬ್ಬೆರಳಿಂದ ಹಿತುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತಿದ್ದರು. ಅಣ್ಣ ಅವರ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು ತಾನೂ ಹಿತುಕುತ್ತಿದ್ದ. ಪುಳಕ್ಕನೆ ಬೇಳೆ ಹಾರಿ ಬಟ್ಟಲಿಗೆ ಬಿದ್ದಾಗಲೆಲ್ಲ ಅವನ ಮುಖ ಅರಳುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಹುಡುಗಿ ಅವನ ಮುಂದಿನ ಕಾಳು ಮುಗಿದಾಗ ಬೋಸಿಯನ್ನು ಅವನ ಕಡೆ ಒಂದಿಷ್ಟು ಸರಿಸುತ್ತಿದ್ದಳು. ಅಷ್ಟೆ. ಅವಳ ಸೆರಗಿನ ಅಂಚು ಒದ್ದೆಯಾಗಿತ್ತು. ಅಣ್ಣ ಅದನ್ನು ಆಗಲೇ ಮೂಸಿ ಮುಗಿಸಿದ್ದನೆಂದು ಆಮೇಲೆ ತಿಳಿಯಿತು.

ನಾನು ಕರೆಯುವುದಕ್ಕೆ ಬಾಯಿ ತೆಗೆದೆ. ಅಜ್ಜಿ ಕೈ ಅಡ್ಡ ಮಾಡಿದರು. "ಸುಮ್ಕಿರಪ್ಪ. ಕೆಲ್ಸ ಮಾಡೋನ್ನ ಯಾಕೆ ಎಬ್ಬುಸ್ತೀಯೆ?"

ಬಿಸಿಲು ನೆತ್ತಿಗೆ ಬಂದಾಗ ಅಣ್ಣ ಕೈ ನಿಲ್ಲಿಸಿದ. ಅವನ ಊಟದ ಹೊತ್ತು ಅದು. ಚೀಲದಿಂದ ತಟ್ಟೆ ತೆಗೆದು, ಹುಡುಗಿಯ ಮುಂದೆ ನೆಲದ ಮೇಲಿಟ್ಟ. ಹುಡುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ತಲೆಯಾಡಿಸಿದರು. ಅವಳು ಒಳಗಿನಿಂದ ಮುದ್ದೆಯನ್ನೂ ಆಗಲೇ ಕುದಿಸಿಟ್ಟಿದ್ದ ಸಾರಿನ ಪಾತ್ರೆಯನ್ನೂ ತಂದು, ಮುದ್ದೆಯನ್ನು ತಟ್ಟೆಯ ಒಂದು ಬದಿಗಿಟ್ಟಳು. ಸಾರಿನ ಸೌಟು ಎತ್ತಿದಾಗ ಅಣ್ಣ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. ಅವಳು ಸೌಟನ್ನು ಹಾಗೇ ನಿಲ್ಲಿಸಿ, ಒಂದು ಕ್ಷಣ ಆ ಅಂಗೈ ನೋಡಿ, ಒಳಗೆ ಹೋಗಿ ಬಟ್ಟಲು ತಂದಳು. ಅದಕ್ಕೆ ಹಿತಕಿದಬೇಳೆ ಸಾರು ಹಾಕಿ ತಟ್ಟೆಯಿಂದ ದೂರವೇ ಇಟ್ಟಳು. ಮತ್ತೆ ಎದ್ದು, ತಾನೇ ತಿಳಿದು, ಮಜ್ಜಿಗೆಗೆ ಇನ್ನೊಂದು ಬಟ್ಟಲು ತಂದಳು. "ಮಜ್ಜಿಗೆ ಬ್ಯಾರೆ ಬಟ್ಲಲ್ಲಿ" ಎಂದು ತನಗೆ ತಾನೇ ಹೇಳಿಕೊಂಡಳು.

ಅಣ್ಣ ಉಂಡ. ಹುಟ್ಟಿದಾಗಿನಿಂದ ಅವ್ವನೊಬ್ಬಳ ಕೈಯಲ್ಲಿ ಉಂಡವನು, ಮುದ್ದೆ ಮುರಿದು, ಸಾರಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದ. ನನಗೆ ಕಣ್ಣು ಮಂಜಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹೆಣ್ಣು ನೋಡಿದ್ದು ಆಗಲೇ. ಜಡೆಬಿಲ್ಲೆ ಇತ್ತೋ ಇಲ್ಲವೋ ಗೊತ್ತಿಲ್ಲ. ಬಟ್ಟಲು ಇಡುವ ಕೈ ಮಾತ್ರ ಚೆನ್ನಾಗಿ ಕಂಡಿತು.

ನಮ್ಮನ್ನು ಹುಡುಕಿಕೊಂಡು ದೊಡ್ಡಪ್ಪನೂ ಪರ್ವತಪ್ಪನವರೂ ಹಿತ್ತಲಿಗೆ ಬಂದರು. ಅಣ್ಣ ಬೆರಳು ಚೀಪುತ್ತಿದ್ದ. ದೊಡ್ಡಪ್ಪ ಬಾಗಿಲಿಗೆ ತಲೆ ತಾಗಿದವರ ಹಾಗೆ ನಿಂತುಬಿಟ್ಟರು. ಪರ್ವತಪ್ಪನವರ ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಗಂಡಿನ ಮನೆಯವರು ಅನ್ನ ಮುಟ್ಟಿದ್ದರು. ಸೀಮೆಯ ಕಟ್ಟು ಅವರಿಗೂ ಗೊತ್ತಿತ್ತು.

"ಇಲ್ಲ, ಇಲ್ಲ" ಅಂದರು ದೊಡ್ಡಪ್ಪ, ಎರಡೂ ಕೈ ಆಡಿಸುತ್ತ. "ಇದ್ನ ಒಪ್ಪಿಗೆ ಅಂತ ಹಿಡೀಬ್ಯಾಡಿ ಪರ್ವತಪ್ನೋರೆ. ಅವ್ನಿಗೆ ತಿಳುವಳ್ಕೆ ಸಾಲ್ದು. ಅವ್ನು ಉಂಡಿದ್ದು ಲೆಕ್ಕಕ್ಕಿಲ್ಲ."

ಪರ್ವತಪ್ಪನವರು ಮರ್ಯಾದಸ್ತರು. "ಆಗ್ಲಿ ಬುಡಿ ಸ್ವಾಮಿ" ಅಂದರು. ಮುಖದ ಬೆಳಕು ಇಳಿಯಿತು. ಹುಡುಗಿ ಬೋಸಿಯ ಕಡೆ ತಿರುಗಿಕೊಂಡಳು.

ಅಜ್ಜಿ ಸೊಂಟ ಹಿಡಿದು ಎದ್ದು ನಿಂತರು. "ಲೆಕ್ಕಕ್ಕಿಲ್ದೋರಿಗೆ ಇಕ್ಕಾಕೆ ಇದೇನು ಬಿಟ್ಟಿ ಕೂಳಾ? ನನ್ ಮೊಮ್ಮಗ್ಳು ಇಕ್ಕವ್ಳೆ. ಹಸುದು ಬಂದೋನು ಉಂಡವ್ನೆ. ಉಂಡೋನು ನಿಮ್ಮನೇ ಮಗ ಹೌದೋ ಅಲ್ವೋ, ಅಷ್ಟು ಹೇಳಪ್ಪ."

ದೊಡ್ಡಪ್ಪ ಅಣ್ಣನ ತಟ್ಟೆಯ ಕಡೆ ನೋಡಿದರು. ಹೌದೆಂದರೆ ಚನ್ನರಾಯಪಟ್ಟಣ ಹೋಯಿತು. ಅಲ್ಲವೆನ್ನುವುದಕ್ಕೆ, ಪಾಪ, ಅವರಿಗೂ ನಾಲಿಗೆ ಏಳಲಿಲ್ಲ. ನನಗೆ ಚಿನ್ನಿದಾಂಡಿನ ಬೀದಿ ನೆನಪಾಯಿತು, ಪೊರಕೆಯ ಸದ್ದು ನೆನಪಾಯಿತು. ದೊಡ್ಡಪ್ಪನ ಎದುರು ನಾನು ಅಲ್ಲಿಯವರೆಗೆ ತಲೆ ಎತ್ತಿ ಮಾತಾಡಿದವನಲ್ಲ.

"ಹೌದು ಅಜ್ಜಿ" ಅಂದೆ. "ನಮ್ಮನೆಗೆ ಅವ್ನೇ ಹಿರೀ ಮಗ. ಅವ್ನು ಉಂಡ್ರೆ ನಮ್ಮನೆ ಉಂಡಂಗೆ. ಅವ್ನು ಮನೇಲಿರ್ತಾನೆ, ಎಲ್ಲಿಗೂ ಹೋಗಲ್ಲ. ಅದು ಒಪ್ಪಿಗೆ ಆದ್ರೆ ನಂಗೂ ಇಕ್ಕಿ."

ಹೇಳಿ ಅಣ್ಣನ ಪಕ್ಕ ಕುಳಿತುಬಿಟ್ಟೆ.

"ಏನವ್ವಾ ದಾಕ್ಷಾಣಿ?" ಅಂದರು ಅಜ್ಜಿ. "ಕೇಳುಸ್ಕಂಡ್ಯಾ? ನೀನೇ ಹೇಳು. ನಿನ್ ಬಾಳು."

ಹುಡುಗಿ ನನ್ನ ಕಡೆ ನೋಡಲಿಲ್ಲ. ಅಣ್ಣನ ಖಾಲಿ ತಟ್ಟೆ ನೋಡುತ್ತ, ನನಗೆ ಕೇಳುವಷ್ಟೇ ದನಿಯಲ್ಲಿ ಕೇಳಿದಳು: "ಅವ್ರು ದಿನಾ ಇಷ್ಟೊತ್ಗೇ ಉಣ್ತಾರಾ?"

"ಹೂಂ. ಬಿಸಿಲು ನೆತ್ತಿಗೆ ಬಂದಾಗ."

ಅವಳು ತಲೆಯಾಡಿಸಿದಳು. ಒಳಗೆ ಹೋಗಿ ಒಂದು ಬಾಳೆಯೆಲೆ ತಂದು ನನ್ನ ಮುಂದೆ ಹಾಸಿ ನೀರು ಚಿಮುಕಿಸಿದಳು. ಮುದ್ದೆ ಇಟ್ಟು ಸಾರು ಬಿಟ್ಟಳು. ನನ್ನ ಜೀವಮಾನದಲ್ಲಿ ಅಂಥ ಹಿತಕಿದಬೇಳೆ ಸಾರು ಮತ್ತೆ ಉಂಡಿಲ್ಲ. ಅವಳೇ ಮಾಡಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಅವಳ ಎದುರಿಗೇ ಎಷ್ಟೋ ಸಲ ಹೇಳಿ ಬೈಸಿಕೊಂಡಿದ್ದೇನೆ.

ದೊಡ್ಡಪ್ಪ ಬಾವಿಯ ಕಟ್ಟೆಯ ಮೇಲೆ, ನಮಗೆ ಬೆನ್ನು ಮಾಡಿ ತುಂಬ ಹೊತ್ತು ಕುಳಿತಿದ್ದರು. ಸಾರಿನ ಒಗ್ಗರಣೆಯ ವಾಸನೆ ಆ ಕಡೆಗೂ ಹೋಗುತ್ತಿತ್ತು. ಕೊನೆಗೆ ಎದ್ದು ಬಂದು, ಯಾರ ಮುಖವನ್ನೂ ನೋಡದೆ, "ನನಗೂ ಒಂದು ಎಲೆ ಹಾಕ್ರವ್ವ. ಮಾನ ಹೆಂಗೂ ಹೋಯ್ತು, ಹೊಟ್ಟೆಗಾದ್ರೂ ಬೀಳ್ಲಿ" ಅಂದರು. ಪರ್ವತಪ್ಪನವರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ತಾವೇ ಎಲೆ ತರಲು ಓಡಿದರು.

ಅಂದು ಅಲ್ಲೇ ಉಳಿದು ಬೆಳಿಗ್ಗೆ ಹೊರಟೆವು. ಗಾಡಿ ತಿರುಗುವಾಗ ಹಿಂದಕ್ಕೆ ನೋಡಿದೆ. ಅಜ್ಜಿ ಬಾಗಿಲಲ್ಲಿದ್ದರು. ಅವರ ಹಿಂದೆ ಕಂಬದ ಮರೆಯಲ್ಲಿ ಒಂದು ಸೆರಗು ಕಂಡಿತು. ಅಣ್ಣ ತಿರುಗಿ ನೋಡಲಿಲ್ಲ. ಅವನು ಯಾವತ್ತೂ ನೋಡುವವನಲ್ಲ. ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಅದರ ಅಂಚಿನ ಸುತ್ತ ಬೆರಳಾಡಿಸುತ್ತಿದ್ದ. ಅರಕಲಗೂಡಿನಿಂದ ಹಾಸನಕ್ಕೆ ಹೋಗುವ ಬಸ್ಸು ಯಥಾಪ್ರಕಾರ ದಿಣ್ಣೆಯಲ್ಲಿ ನಿಂತಿತು. ದೊಡ್ಡಪ್ಪ ಬೀಗರು ಕೊಟ್ಟ ಅವರೆಕಾಯಿಯ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದೇ ಬಸ್ಸು ತಳ್ಳಿದರು, ದಾರಿಯುದ್ದಕ್ಕೂ ಚನ್ನರಾಯಪಟ್ಟಣದವರಿಗೆ ಏನು ಹೇಳುವುದೆಂದು ಗೊಣಗಿದರು. ಮಠದ ಮಾತು ಮಾತ್ರ ಎತ್ತಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಬಾಗಿಲಲ್ಲೇ ಇದ್ದಳು. ನಾಲ್ಕು ದಿನವೂ ಅಲ್ಲೇ ನಿಂತಿದ್ದಳೋ ಏನೋ. ನನ್ನನ್ನು ಕಂಡಳು, ದೊಡ್ಡಪ್ಪನನ್ನು ಕಂಡಳು, ಕತ್ತು ಚಾಚಿ ನಮ್ಮ ಹಿಂದೆ ನೋಡಿದಳು. ಗೋಡೆ ಸವರಿಕೊಂಡು ಅಣ್ಣ ಬಂದ. ಅವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಉಣ್ಲಿಲ್ವಾ?" ಅಂದಳು. ಆ ದನಿಯಲ್ಲಿ ಮಗ ಬಂದ ಸಂತೋಷವೂ ಇತ್ತು, ತನ್ನ ನಂತರ ಇವನಿಗೆ ಯಾರು ಎನ್ನುವ ಹಳೆಯ ಸಂಕಟವೂ ಇತ್ತು.

ನಾನು ಹೇಳುವ ಮೊದಲೇ ಅಣ್ಣ ಚೀಲದಿಂದ ತಟ್ಟೆ ತೆಗೆದು ಅವ್ವನ ಮಡಿಲಿಗಿಟ್ಟ. ಹುಣಸೆಹಣ್ಣು, ಬೂದಿ ಹಾಕಿ ಯಾರೋ ಉಜ್ಜಿ ಉಜ್ಜಿ ಬೆಳಗಿದ್ದ ತಟ್ಟೆ. ಅವ್ವ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಣ್ಣ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ, ಆದರೆ ಅವ್ವನದಲ್ಲದ ರಾಗದಲ್ಲಿ, ಎಳೆಯ ದನಿಯಲ್ಲಿ ಹೇಳಿದ:

"ಮಜ್ಜಿಗೆ ಬ್ಯಾರೆ ಬಟ್ಲಲ್ಲಿ."

ಅವ್ವ ತಲೆ ಎತ್ತಿದಳು. ಇಪ್ಪತ್ತಾರು ವರ್ಷ ಅವನ ಬಾಯಲ್ಲಿ ತನ್ನ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳಿದವಳಲ್ಲ ಅವಳು. ಅಣ್ಣ ಇನ್ನೊಂದು ಸಲ ಹೇಳಿದ, ಅದೇ ದನಿ. ಅವ್ವ ತಟ್ಟೆಯನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದಳು. ಯಾರ ಮಗಳು, ಯಾವ ಊರು, ಏನು ಕೊಡುತ್ತಾರೆ, ಒಂದನ್ನೂ ಕೇಳಲಿಲ್ಲ.

"ಯಾವಾಗ ಕರ್ಕಂಬತ್ತೀಯಪ್ಪ ಅವ್ಳನ್ನ?" ಅಂದಳು.